ಪಾಚಿ ಪರೀಕ್ಷೆಯ ವರದಿಯಲ್ಲಿ ಎರಡು ಸಂಖ್ಯೆಗಳಿವೆ, ಯಾವುದನ್ನು ಹಿಡಿಯಬೇಕು?

ಬೇಳದ ರಸಾಯನ
ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಸಮೀಪದ ಒಂದು ಚಿಕ್ಕ ಘಟಕದಲ್ಲಿ ಗುಣಮಟ್ಟ ನೋಡಿಕೊಳ್ಳುವ ಕೆಲಸ ನನ್ನದು. ನೆಲ ಮತ್ತು ಹಾಲಿನ ಪಾತ್ರೆ ತೊಳೆಯುವ ರೋಗಾಣುನಾಶಕ ದ್ರಾವಣವನ್ನು ನಾವು ತಯಾರಿಸುತ್ತೇವೆ. ಅದರಲ್ಲಿ ಬೆನ್ಜಾಲ್ಕೋನಿಯಂ ಕ್ಲೋರೈಡ್ ಎಂಬ ರಾಸಾಯನಿಕ ನೂರಕ್ಕೆ ಹತ್ತು ಪಾಲು ಇರುತ್ತದೆ. ಯುರೋಪಿನ ಗ್ರಾಹಕರೊಬ್ಬರು ಸಿಹಿನೀರಿನ ಪಾಚಿಯ ಮೇಲೆ ಅದರ ಪರಿಣಾಮವೇನು ಎಂಬ ವರದಿ ಕೇಳಿದ್ದರಿಂದ ಹೊರಗಿನ ಒಂದು ಪ್ರಯೋಗಾಲಯಕ್ಕೆ ಮಾದರಿ ಕಳುಹಿಸಿದ್ದೆವು.

ವರದಿ ಬಂದಿದೆ, ಆದರೆ ಅದರಲ್ಲಿ ಒಂದರ ಬದಲು ಎರಡು ಸಂಖ್ಯೆಗಳಿವೆ. ಒಂದಕ್ಕೆ ಇಆರ್‌ಸಿ50 ಎಂದೂ ಇನ್ನೊಂದಕ್ಕೆ ಇವೈಸಿ50 ಎಂದೂ ಹೆಸರು. ಮೊದಲನೆಯದು ಲೀಟರಿಗೆ 0.1 ಮಿಲಿಗ್ರಾಂಗಿಂತ ತುಸು ಮೇಲಿದೆ, ಎರಡನೆಯದು ಅದರ ಮೂರನೆಯ ಒಂದು ಪಾಲಿನಷ್ಟೂ ಇಲ್ಲ. ಒಂದೇ ವಸ್ತು, ಒಂದೇ ಪಾಚಿ, ಒಂದೇ 72 ಗಂಟೆ. ಹಾಗಿರುವಾಗ ಉತ್ತರ ಎರಡಾಗುವುದು ಹೇಗೆ? ಮಾಲಿಕರು ದೊಡ್ಡ ಸಂಖ್ಯೆಯನ್ನೇ ಬರೆಯಿರಿ ಎನ್ನುತ್ತಾರೆ. ಅಲ್ಲದೆ, "ಪಾಚಿ ಸತ್ತರೆ ಕೆರೆ ಸ್ವಚ್ಛವಾಗುತ್ತದೆ, ಅದರಲ್ಲಿ ದೂರು ಏನಿದೆ?" ಎಂದೂ ಕೇಳಿದರು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ತಿಳಿದವರು ಹೇಳಬೇಕು.

ಮದಕದ ಬದಿ
ನಿಮ್ಮ ಮಾಲಿಕರ ಮಾತು ಪೂರ್ತಿ ತಪ್ಪು ಎನ್ನಲಾರೆ. ನಮ್ಮ ಮೇಲಿನ ಮದಕದಲ್ಲಿ, ಅಂದರೆ ಮಳೆನೀರು ನಿಲ್ಲುವ ಕೆರೆಯಲ್ಲಿ, ಮಾರ್ಚ್ ತಿಂಗಳಿಗೆ ನೀರು ಹಸಿರು ಗಂಜಿಯಂತಾಗುತ್ತದೆ, ಕೈಕಾಲು ತೊಳೆಯುವುದಕ್ಕೂ ಮನಸ್ಸು ಬರುವುದಿಲ್ಲ. ಅದು ಸತ್ತು ನೀರು ತಿಳಿಯಾದರೆ ನಾನಂತೂ ಅಳುವುದಿಲ್ಲ.

ಹಳೆಯ ವಿದ್ಯಾರ್ಥಿನಿ
ಅಣ್ಣ, ಆ ಹಸಿರು ಒಂದೇ ಸಲ ಸತ್ತರೆ ಏನಾಗುತ್ತದೆ ಎಂದು ನೋಡಿದ್ದೀರಾ? ಸತ್ತ ಪಾಚಿ ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವೆಲ್ಲ ಖರ್ಚಾಗುತ್ತದೆ. ಮರುದಿನ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತವೆ, ಸಂಜೆಯೊಳಗೆ ಹೊಟ್ಟೆ ಮೇಲಾಗಿ ತೇಲುತ್ತವೆ. ಗಂಜಿಯಂತೆ ಕಾಣುವುದು ಪಾಚಿಯ ಅತಿಬೆಳವಣಿಗೆ. ಅದು ಗೊಬ್ಬರದ ನೀರು ಸೇರಿದ್ದರಿಂದ ಬಂದ ರೋಗವೇ ಹೊರತು ಪಾಚಿಯ ಸಹಜ ಸ್ಥಿತಿಯಲ್ಲ. ಕಣ್ಣಿಗೆ ಕಾಣದಷ್ಟು ತೆಳುವಾಗಿ ಹರಡಿರುವ ಪಾಚಿಯನ್ನು ನೀರಿನ ಸಣ್ಣ ಹುಳುಗಳು ತಿನ್ನುತ್ತವೆ, ಹುಳುಗಳನ್ನು ಮೀನು ತಿನ್ನುತ್ತದೆ, ಮೀನನ್ನು ಯಾರು ತಿನ್ನುತ್ತಾರೆಂದು ಮೊಗ್ರಾಲ್ ಹೊಳೆಯ ಬದಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಗಾಜಿನ ಕುಪ್ಪಿ
ಮೂಲ ಪ್ರಶ್ನೆಗೆ ಬರುತ್ತೇನೆ. ಕೆಲವು ವರ್ಷ ಇದೇ ಪರೀಕ್ಷೆ ಮಾಡುವ ಕಡೆ ಕೆಲಸ ಮಾಡಿದ್ದೇನೆ. ಸಂಖ್ಯೆಗಳು ಎರಡಾಗುವುದು ಲೆಕ್ಕ ಹಾಕುವ ಕ್ರಮ ಎರಡಾಗಿರುವುದರಿಂದ, ಪಾಚಿಯ ತಪ್ಪೇನೂ ಇಲ್ಲ.

ಉದಾಹರಣೆಗೆ, ಮಿಲಿಲೀಟರಿಗೆ 10,000 ಜೀವಕೋಶಗಳಿಂದ ಆರಂಭಿಸಿದಿರಿ ಎಂದುಕೊಳ್ಳಿ. ರಾಸಾಯನಿಕ ಹಾಕದ ಕುಪ್ಪಿಯಲ್ಲಿ 72 ಗಂಟೆಯ ನಂತರ 6,40,000 ಆಯಿತು, ಅಂದರೆ ಅವು ಆರು ಸಲ ಇಮ್ಮಡಿಯಾದವು. ರಾಸಾಯನಿಕ ಹಾಕಿದ ಕುಪ್ಪಿಯಲ್ಲಿ 80,000 ಮಾತ್ರ ಆಯಿತು, ಅಂದರೆ ಮೂರು ಸಲ ಇಮ್ಮಡಿಯಾದವು. ಬೆಳೆಯುವ ವೇಗವನ್ನು ನೋಡಿದರೆ ಆರರಲ್ಲಿ ಮೂರು ಹೋಯಿತು, ತಡೆ ಶೇಕಡಾ 50. ಆದರೆ ಹೊಸದಾಗಿ ಹುಟ್ಟಿದ ಕೋಶಗಳನ್ನು ನೋಡಿದರೆ 6,30,000ದ ಜಾಗದಲ್ಲಿ 70,000, ತಡೆ ಸುಮಾರು ಶೇಕಡಾ 89. ಕುಪ್ಪಿಗಳು ಅವೇ, ಎಣಿಕೆಯೂ ಅದೇ. ವೇಗವನ್ನು ಅರ್ಧಕ್ಕಿಳಿಸುವ ಪ್ರಮಾಣ ಇಆರ್‌ಸಿ50, ಇಳುವರಿಯನ್ನು ಅರ್ಧಕ್ಕಿಳಿಸುವ ಪ್ರಮಾಣ ಇವೈಸಿ50. ಇಳುವರಿ ಬೇಗ ಕುಸಿಯುವುದರಿಂದ ಎರಡನೆಯ ಸಂಖ್ಯೆ ಯಾವಾಗಲೂ ಚಿಕ್ಕದಾಗಿರುತ್ತದೆ.

ಈ ಪರೀಕ್ಷೆಗೆ ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 201ನೆಯ ಮಾರ್ಗಸೂಚಿಯಿದೆ, ಅದು 2006ರಲ್ಲಿ ಪರಿಷ್ಕರಣೆಯಾಯಿತು. ಬೆಳವಣಿಗೆಯ ವೇಗವೇ ವೈಜ್ಞಾನಿಕವಾಗಿ ಸರಿಯಾದ ಅಳತೆ ಎಂಬುದು ಅದರ ನಿಲುವು. ಇಳುವರಿಯ ಸಂಖ್ಯೆ ಪರೀಕ್ಷೆ ಎಷ್ಟು ದಿನ ನಡೆಯಿತು, ಆ ಪಾಚಿ ಸಹಜವಾಗಿ ಎಷ್ಟು ಚುರುಕಿನದು ಎಂಬುದರ ಮೇಲೆಲ್ಲ ಏರಿಳಿಯುತ್ತದೆ. ಕೆಲವು ದೇಶಗಳ ನಿಯಮಗಳು ಕೇಳುವುದರಿಂದ ಅದನ್ನೂ ಕೊಡುತ್ತಾರೆ. ಹಾಗಾಗಿ ನಿಮ್ಮ ಮಾಲಿಕರು ಕಾರಣ ತಿಳಿಯದೆಯೇ ಸರಿಯಾದ ಸಂಖ್ಯೆಯನ್ನು ಆರಿಸಿದ್ದಾರೆ.

ಪೈವಳಿಕೆಯವ
ದೊಡ್ಡ ಸಂಖ್ಯೆಯೇ ಸರಿ ಎನ್ನುವುದು ಕಂಪೆನಿಗಳಿಗೆ ಎಷ್ಟು ಅನುಕೂಲ ನೋಡಿ.

ಗಾಜಿನ ಕುಪ್ಪಿ
ಅನುಕೂಲವೆಂಬ ಕಾರಣಕ್ಕೆ ಸುಳ್ಳಾಗುವುದಿಲ್ಲವಲ್ಲ. ಇಳುವರಿಯ ಸಂಖ್ಯೆ ಹಿಡಿದರೆ ಇದೊಂದೇ ಅಲ್ಲ, ಎಲ್ಲ ವಸ್ತುಗಳ ಸಂಖ್ಯೆಯೂ ಕೆಳಗಿಳಿಯುತ್ತದೆ.

ಲೇಬಲ್ ಬರೆಯುವವ
ರಸಾಯನದವರೇ, ನಿಮ್ಮ ವರದಿಯಲ್ಲಿ ನನ್ನ ಕಣ್ಣು ಹೋದದ್ದು "0.1ಕ್ಕಿಂತ ತುಸು ಮೇಲೆ" ಎಂಬ ಮಾತಿನ ಕಡೆಗೆ. ರಾಸಾಯನಿಕಗಳ ಅಪಾಯವನ್ನು ವಿಂಗಡಿಸುವ ಜಾಗತಿಕ ವರ್ಗೀಕರಣದ ಪ್ರಕಾರ ಮೀನು, ನೀರುಚಿಗಟೆ (ಡಾಫ್ನಿಯಾ ಎಂಬ ನೀರಿನ ಸಣ್ಣ ಜೀವಿ), ಪಾಚಿ ಈ ಮೂರರಲ್ಲಿ ಅತಿ ಸೂಕ್ಷ್ಮವಾದದ್ದರ ಸಂಖ್ಯೆ ಲೀಟರಿಗೆ 1 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆ ವಸ್ತು ತೀವ್ರ ವಿಷತ್ವದ ಒಂದನೆಯ ವರ್ಗಕ್ಕೆ ಸೇರುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಅದು 0.1ರಿಂದ 1ರ ನಡುವೆ ಇದ್ದರೆ ಗುಣಕ 1, 0.01ರಿಂದ 0.1ರ ನಡುವೆ ಇದ್ದರೆ ಗುಣಕ 10. ಮಿಶ್ರಣದ ಲೆಕ್ಕ ಹಾಕುವಾಗ ಆ ವಸ್ತುವಿನ ಶೇಕಡಾವಾರನ್ನು ಈ ಗುಣಕದಿಂದ ಗುಣಿಸಬೇಕು. ಮೊತ್ತ 25 ಮುಟ್ಟಿದರೆ ಮಿಶ್ರಣವೂ ಒಂದನೆಯ ವರ್ಗವೇ, ಒಣಮರ ಮತ್ತು ಸತ್ತ ಮೀನಿನ ಚಿತ್ರ ಬಾಟಲಿಯ ಮೇಲೆ ಬರಲೇಬೇಕು.

ನಿಮ್ಮದು ಶೇಕಡಾ 10. ಗುಣಕ 1 ಆದರೆ ಮೊತ್ತ 10, ಪಾರಾದಿರಿ. ಗುಣಕ 10 ಆದರೆ ಮೊತ್ತ 100, ಸಿಕ್ಕಿಬಿದ್ದಿರಿ. ದೀರ್ಘಕಾಲಿಕ ವಿಷತ್ವದ ಲೆಕ್ಕ ಬೇರೆ ಇದೆ, ಅದನ್ನು ಸದ್ಯಕ್ಕೆ ಬಿಡೋಣ. ಆದ್ದರಿಂದ ಕೇಳುತ್ತೇನೆ: ವರದಿಯ ಸಂಖ್ಯೆ ಕುಪ್ಪಿಗೆ ಹಾಕಿದ ಪ್ರಮಾಣವೋ, ಹಾಕಿದ ನಂತರ ನೀರಿನಲ್ಲಿ ಅಳೆದ ಪ್ರಮಾಣವೋ?

ಬೇಳದ ರಸಾಯನ
ಹಾಕಿದ ಪ್ರಮಾಣವೇ ಇರಬೇಕು. ಅಳೆದದ್ದರ ಕೋಷ್ಟಕ ವರದಿಯಲ್ಲಿ ಎಲ್ಲಿಯೂ ಕಾಣಿಸಲಿಲ್ಲ. ಇದರಿಂದ ಅಷ್ಟು ವ್ಯತ್ಯಾಸವಾಗುತ್ತದೆಯೇ?

ಗಾಜಿನ ಕುಪ್ಪಿ
ಈ ವಸ್ತುವಿನ ವಿಷಯದಲ್ಲಿ ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಬೆನ್ಜಾಲ್ಕೋನಿಯಂ ಧನ ವಿದ್ಯುದಂಶವುಳ್ಳದ್ದು, ಗಾಜಿನ ಮೇಲ್ಮೈ ಋಣ ವಿದ್ಯುದಂಶವುಳ್ಳದ್ದು. ಹಾಕಿದ್ದರಲ್ಲಿ ಒಂದು ಪಾಲು ಕುಪ್ಪಿಯ ಗೋಡೆಗೆ ಅಂಟಿ ಕೂರುತ್ತದೆ. ಪಾಚಿ ಹೆಚ್ಚಿದಂತೆ ಇನ್ನೊಂದು ಪಾಲು ಪಾಚಿಯ ಮೈಗೆ ಅಂಟುತ್ತದೆ. ಮೂರನೆಯ ದಿನ ನೀರನ್ನು ಅಳೆದರೆ ಹಾಕಿದ್ದು ಅಲ್ಲಿರುವುದಿಲ್ಲ. ಅಳತೆ ಶೇಕಡಾ 20ಕ್ಕಿಂತ ಹೆಚ್ಚು ಸರಿದಿದ್ದರೆ ಪರೀಕ್ಷೆಯ ಅವಧಿಯಲ್ಲಿ ಅಳೆದ ಪ್ರಮಾಣಗಳ ಗುಣೋತ್ತರ ಸರಾಸರಿಯನ್ನು ಹಿಡಿದು ಲೆಕ್ಕ ಹಾಕಬೇಕೆಂದು ಮಾರ್ಗಸೂಚಿಯೇ ಹೇಳುತ್ತದೆ. ಹಾಗೆ ಹಾಕಿದರೆ ನಿಮ್ಮ ಸಂಖ್ಯೆ ಕೆಳಗೇ ಹೋಗುತ್ತದೆ, ಮೇಲೆ ಬರುವುದಿಲ್ಲ.

ಪೆರ್ಲದ ಕೃಷಿಕ
ಇಷ್ಟೆಲ್ಲ ಲೆಕ್ಕ ಹಾಕುವವರು ಆಗ ಎಲ್ಲಿದ್ದರು? ನಮ್ಮ ಎಣ್ಮಕಜೆ, ಪಡ್ರೆಯ ಕಡೆ ಗೇರುತೋಟಗಳ ಮೇಲೆ 2000ನೆಯ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅದರ ನೀರು ಇಳಿದದ್ದು ನೀರಿಗಾಗಿ ಗುಡ್ಡದೊಳಗೆ ಕೊರೆದ ನಮ್ಮ ಸುರಂಗಗಳಿಗೆ, ತೋಡುಗಳಿಗೆ. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕುವಾಗ 2011 ಆಗಿತ್ತು. ಒಂದು ಪಾಚಿಯ ಪರೀಕ್ಷೆ ಮಾಡಿದ್ದರೆ ಅಂದೇ ಗೊತ್ತಾಗುತ್ತಿತ್ತಲ್ಲವೇ?

ಹಳೆಯ ವಿದ್ಯಾರ್ಥಿನಿ
ನಿಮ್ಮ ಸಿಟ್ಟು ನನ್ನದೂ ಹೌದು, ನನ್ನ ತವರು ಅಲ್ಲಿಂದ ದೂರವಿಲ್ಲ. ಆದರೆ ಕೊನೆಯ ವಾಕ್ಯವನ್ನು ಒಪ್ಪಲಾರೆ. ಎಂಡೋಸಲ್ಫಾನ್ ಕೆಲಸ ಮಾಡುವುದು ನರಗಳ ಮೇಲೆ. ನರಗಳ ಉದ್ವೇಗವನ್ನು ತಣಿಸುವ ಕ್ಲೋರೈಡ್ ದಾರಿಯನ್ನು ಅದು ಮುಚ್ಚಿಬಿಡುತ್ತದೆ. ಪಾಚಿಗೆ ನರವೇ ಇಲ್ಲ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಮೀನನ್ನು ಕೊಲ್ಲುವ ಕಡೆ ಪಾಚಿ ಹಸಿರಾಗಿಯೇ ಬೆಳೆಯುತ್ತಿರುತ್ತದೆ. ಪಾಚಿಯ ವರದಿಯನ್ನು ಮಾತ್ರ ತೋರಿಸಿದ್ದರೆ "ಅಪಾಯವಿಲ್ಲ" ಎಂದು ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದರು.

ತಿರುಗುಮುರುಗು ಆಗುವುದೂ ಇದೆ. ಡೈಯುರಾನ್, ಅಟ್ರಜಿನ್‌ನಂತಹ ಕಳೆನಾಶಕಗಳು ಎಲೆ ಬೆಳಕು ಹಿಡಿಯುವ ವ್ಯವಸ್ಥೆಗೇ ಕೈಹಾಕುತ್ತವೆ. ಮೀನು ಈಜಾಡುತ್ತಿರುವಾಗಲೇ ಪಾಚಿ ನಿಂತುಹೋಗುತ್ತದೆ. ಅದಕ್ಕೇ ಪಾಚಿಗೆ 72 ಗಂಟೆ, ನೀರುಚಿಗಟೆಗೆ 48 ಗಂಟೆ, ಮೀನಿಗೆ 96 ಗಂಟೆ ಎಂದು ಮೂರು ಪರೀಕ್ಷೆಗಳನ್ನು ಇಟ್ಟಿರುವುದು. ಒಬ್ಬರ ಬಾಯಿಯಿಂದ ಮೂವರ ಸಾಕ್ಷ್ಯ ಹೇಳಿಸಲಾಗುವುದಿಲ್ಲ.

ಪೆರ್ಲದ ಕೃಷಿಕ
ನರದ ವಿಷಯ ನನಗೆ ತಿಳಿದಿರಲಿಲ್ಲ, ಒಪ್ಪಿದೆ. ಆದರೆ ಆಗ ಮೀನಿನ ಪರೀಕ್ಷೆ ಗೊತ್ತಿದ್ದೂ ಸುರಿದರು ಎಂದಾಯಿತು, ಅದು ಇನ್ನೂ ಕೆಟ್ಟದ್ದು.

ಮದಕದ ಬದಿ
ವರ್ಷಕ್ಕೆ ಎರಡು ಸಲ ನಾವೇ ಅಡಿಕೆಗೆ ಮದ್ದು ಬಿಡುತ್ತೇವಲ್ಲ, ಅದರ ಕತೆ ಏನು? ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆಗೆ ತೊಳೆದು ಎಲ್ಲವೂ ತೋಡಿಗೆ ಬರುತ್ತದೆ. ಪಾಚಿ ಸಾಯಬೇಕಿತ್ತು, ಆದರೆ ತೋಟದ ಕಟ್ಟೆಯ ಮೇಲೆ ಕಾಲಿಟ್ಟರೆ ಈಗಲೂ ಜಾರುತ್ತದೆ.

ಲೇಬಲ್ ಬರೆಯುವವ
ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಇದು ಬೆನ್ಜಾಲ್ಕೋನಿಯಂ ಚರ್ಚೆ.

ಬದಿಯಡ್ಕದ ಮಾಷ್ಟ್ರು
ಇರಲಿ, ಒಳ್ಳೆಯ ಪ್ರಶ್ನೆ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಅದು ಪಾಚಿಗೆ ನಿಜವಾಗಿಯೂ ವಿಷ. ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಕುಡಿಯುವ ನೀರಿನ ಜಲಾಶಯಗಳಲ್ಲಿ ಪಾಚಿ ತೆಗೆಯಲು ಅದನ್ನು ಬಳಸಿದ್ದಾರೆ. ನಮ್ಮದು ಮುರಕಲ್ಲಿನ ನೆಲ, ನೀರು ಮೆದು, ಸುಣ್ಣದ ಅಂಶ ಕಡಿಮೆ. ಅಂಥ ನೀರಿನಲ್ಲಿ ತಾಮ್ರದ ವಿಷ ಹೆಚ್ಚಾಗುತ್ತದೆ ಎಂದು ಓದಿದ್ದೇನೆ. ಕಟ್ಟೆಯ ಮೇಲೆ ಜಾರುವುದರಲ್ಲಿ ಹಾವಸೆಯೂ ಇರುತ್ತದೆ, ಅದು ಬೇರೆ ಗುಂಪಿನ ಜೀವಿ.

ಗಾಜಿನ ಕುಪ್ಪಿ
ಮಾಷ್ಟ್ರೇ, ಒಂದು ಸಣ್ಣ ತಿದ್ದುಪಡಿ. ಮೆದುನೀರಿನ ಮಾತು ಮೀನಿನ ಮಟ್ಟಿಗೆ ಸರಿ, ಅಲ್ಲಿ ಕಿವಿರಿನ ಮೇಲೆ ಕ್ಯಾಲ್ಸಿಯಂ ತಾಮ್ರಕ್ಕೆ ಪೈಪೋಟಿ ಕೊಡುತ್ತದೆ. ಪಾಚಿಯ ವಿಷಯದಲ್ಲಿ ಕ್ಯಾಲ್ಸಿಯಂಗಿಂತ ನೀರಿನ ಹುಳಿಯೇ ಮುಖ್ಯ. ಹುಳಿ ಹೆಚ್ಚಿದಂತೆ ಜಲಜನಕದ ಅಯಾನುಗಳು ತಾಮ್ರವನ್ನು ಕೋಶದ ಮೈಗೆ ಅಂಟಲು ಬಿಡುವುದಿಲ್ಲ, ವಿಷ ತಗ್ಗುತ್ತದೆ. ನಮ್ಮ ಮುರಕಲ್ಲಿನ ನೀರು ಮೆದುವೂ ಹೌದು, ತುಸು ಹುಳಿಯೂ ಹೌದು. ಒಂದೇ ತೋಡಿನಲ್ಲಿ ಮೀನಿಗೆ ಕಷ್ಟ, ಪಾಚಿಗೆ ತುಸು ರಿಯಾಯಿತಿ. ಇದಲ್ಲದೆ ಕೊಳೆತ ತರಗೆಲೆಯ ಕಂದು ರಸ ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಬದಿಯಡ್ಕದ ಮಾಷ್ಟ್ರು
ತಿದ್ದಿದ್ದಕ್ಕೆ ಸಂತೋಷ. ಮೂವತ್ತು ವರ್ಷ ಪಾಠ ಮಾಡಿದವನಿಗೆ ಹೊಸದೊಂದು ಸಿಕ್ಕಿತು.

ಪೈವಳಿಕೆಯವ
ಹಾಗಿದ್ದರೆ ಪರೀಕ್ಷೆಯ ಕುಪ್ಪಿಗೂ ನಮ್ಮ ಮದಕಕ್ಕೂ ಏನು ಸಂಬಂಧ? ಅಲ್ಲಿ ತರಗೆಲೆಯಿಲ್ಲ, ಕೆಸರಿಲ್ಲ, ಮಳೆಯಿಲ್ಲ. ಪಾಚಿಯೂ ನಮ್ಮದಲ್ಲವಂತೆ, ಪರದೇಶದ್ದಂತೆ. ಗ್ರಾಹಕರಿಗೆ ತೋರಿಸಲು ಒಂದು ಕಾಗದ ಬೇಕು, ಅಷ್ಟೇ.

ಗಾಜಿನ ಕುಪ್ಪಿ
ಪಾಚಿ ಪರದೇಶದ್ದು ನಿಜ. 1959ರಲ್ಲಿ ನಾರ್ವೆಯ ನಿಟೆಲ್ವಾ ಎಂಬ ಹೊಳೆಯಿಂದ ತೆಗೆದ ತಳಿ ಅದು. ಅಂದಿನಿಂದ ಹೆಸರು ಎರಡು ಸಲ ಬದಲಾಗಿ ಈಗ ರಾಫಿಡೊಸೆಲಿಸ್ ಸಬ್‌ಕ್ಯಾಪಿಟೇಟಾ ಎನ್ನುತ್ತಾರೆ. ಹಳಬರು ಈಗಲೂ ಸೆಲೆನಾಸ್ಟ್ರಮ್ ಎಂದೇ ಕರೆಯುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿದಿಗೆಯ ಚಂದ್ರನ ಆಕಾರ. ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ, ಬೇಗ ಬೆಳೆಯುತ್ತದೆ, ಎಣಿಸಲು ಸುಲಭ. ಜಗತ್ತಿನ ಎಲ್ಲ ಕಡೆಯೂ ಅದೇ ತಳಿ ಇರುವುದರಿಂದ ಬೇರೆ ಬೇರೆ ಊರಿನ ಫಲಿತಾಂಶಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಬಹುದು. ಬೇಕಿದ್ದವರು ಡಯಾಟಮ್ ಅಥವಾ ನೀಲಿಹಸಿರು ಪಾಚಿಯ ಮೇಲೂ ಪರೀಕ್ಷಿಸಬಹುದು, ಮಾರ್ಗಸೂಚಿಯಲ್ಲಿ ಅದಕ್ಕೂ ಅವಕಾಶವಿದೆ.

ತರಗೆಲೆಯ ರಸದಲ್ಲಿ ಬೆನ್ಜಾಲ್ಕೋನಿಯಂ ಕೂಡ ಅಂಟಿಕೊಳ್ಳುವುದರಿಂದ ಮದಕದಲ್ಲಿ ಅದರ ಪೆಟ್ಟು ಕುಪ್ಪಿಯಲ್ಲಿರುವುದಕ್ಕಿಂತ ಕಡಿಮೆಯಾಗಬಹುದು. ಆದರೆ ಸುರಂಗದ ನೀರು ತುಂಬುವ ಹೊರಗಿನ ಟಾಂಕಿಯಲ್ಲಿ ತರಗೆಲೆಯ ರಸ ಎಲ್ಲಿದೆ? ಕನ್ನಡಿಯಂತಹ ನೀರು ಅದು. ಕುಪ್ಪಿಯ ಪರೀಕ್ಷೆ ಅತಿ ಕೆಟ್ಟ ಸಂದರ್ಭಕ್ಕೆ ಸಮೀಪದ್ದು, ಹಾಗೆ ಇಟ್ಟಿರುವುದು ಬೇಕೆಂದೇ.

ಹಳೆಯ ವಿದ್ಯಾರ್ಥಿನಿ
ಕುಪ್ಪಿಯ ಪರೀಕ್ಷೆ ಸುಲಭ ಎಂದುಕೊಂಡವರಿಗಾಗಿ ನನ್ನ ಕತೆ. ಸ್ನಾತಕೋತ್ತರದಲ್ಲಿ ಇದೇ ನನ್ನ ಪ್ರಬಂಧವಾಗಿತ್ತು. ಹಗಲಿರುಳು ಬೆಳಕು ಉರಿಯುತ್ತಿರಬೇಕು, ಉಷ್ಣತೆ 21ರಿಂದ 24 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಬೇಕು, ಕುಪ್ಪಿಗಳನ್ನು ಅಲ್ಲಾಡಿಸುತ್ತಿರಬೇಕು. ಐದು ಪ್ರಮಾಣ, ಒಂದೊಂದಕ್ಕೆ ಮೂರು ಕುಪ್ಪಿ, ರಾಸಾಯನಿಕವಿಲ್ಲದ್ದು ಆರು, ಒಟ್ಟು ಇಪ್ಪತ್ತೊಂದು ಕುಪ್ಪಿ. ಜೂನ್ ತಿಂಗಳ ಎರಡನೆಯ ರಾತ್ರಿ ಗಾಳಿಮಳೆಗೆ ಕರೆಂಟು ಹೋಯಿತು, ಬಂದದ್ದು ಮರುದಿನ ಮಧ್ಯಾಹ್ನ. ಇನ್ವರ್ಟರು ಪ್ರಾಂಶುಪಾಲರ ಕೋಣೆಗೆ ಮಾತ್ರ ಇತ್ತು.

ರಾಸಾಯನಿಕವಿಲ್ಲದ ಕುಪ್ಪಿಯಲ್ಲಿ ಪಾಚಿ ಮೂರು ದಿನದಲ್ಲಿ ಕನಿಷ್ಠ 16 ಪಟ್ಟು ಆಗಬೇಕೆಂಬುದು ನಿಯಮ. ನನ್ನದು 11 ಪಟ್ಟು ಆಗಿತ್ತು. "ಹತ್ತಿರ ಹತ್ತಿರ ಇದೆಯಲ್ಲ, ಮೇಡಂ" ಎಂದೆ. "ಆರೋಗ್ಯವಿಲ್ಲದ ಪಾಚಿಗೆ ವಿಷ ಕೊಟ್ಟು ವಿಷವನ್ನು ಅಳೆಯಲಾಗುವುದಿಲ್ಲ" ಎಂದು ಅವರು ಪುಸ್ತಕದ ಆ ಇಡೀ ಹಾಳೆಗೆ ಅಡ್ಡಗೀಟು ಎಳೆದರು. ಅಂದು ಅತ್ತಿದ್ದೆ. ಈಗ ಯಾರ ವರದಿ ಬಂದರೂ ಮೊದಲು ನೋಡುವುದು ಅದೇ ಸಂಖ್ಯೆಯನ್ನು. ರಸಾಯನದ ಅಕ್ಕ, ನಿಮ್ಮದರಲ್ಲಿ ಎಷ್ಟಿದೆ?

ಬೇಳದ ರಸಾಯನ
ಹುಡುಕಿದೆ. 70 ಪಟ್ಟಿನಷ್ಟು ಬೆಳೆದಿದೆ ಎಂದು ಬರೆದಿದ್ದಾರೆ. ಅಲ್ಲಿಯ ತನಕ ಸಮಾಧಾನ.

ಬದಿಯಡ್ಕದ ಮಾಷ್ಟ್ರು
ನಮ್ಮ ಶಾಲೆಯ ಮಕ್ಕಳ ಕೈಯಲ್ಲಿ ಮದಕದ ನೀರು, ಜಾಮಿನ ಬಾಟಲಿ ಇಟ್ಟುಕೊಂಡು ಇಂಥದ್ದೊಂದನ್ನು ಮಾಡಿಸಬಹುದೇ? ಸೂಕ್ಷ್ಮದರ್ಶಕವೂ ರಕ್ತಕಣ ಎಣಿಸುವ ಗಾಜೂ ನಮ್ಮಲ್ಲಿವೆ.

ಗಾಜಿನ ಕುಪ್ಪಿ
ಖಂಡಿತ ಮಾಡಿಸಿ, ಆದರೆ ಆರಂಭದ ದಿನ ಎಣಿಸಲು ಹೋಗಬೇಡಿ. ಆ ಗಾಜಿನ ಒಂದು ದೊಡ್ಡ ಚೌಕದಲ್ಲಿ ನಿಲ್ಲುವುದು ಮಿಲಿಲೀಟರಿನ ಹತ್ತು ಸಾವಿರದ ಒಂದು ಪಾಲು. ಮಿಲಿಲೀಟರಿಗೆ 10,000 ಕೋಶಗಳಿದ್ದರೆ ಚೌಕಕ್ಕೆ ಸರಾಸರಿ ಒಂದೇ ಕಾಣುತ್ತದೆ. ಒಂದು ಚೌಕದಲ್ಲಿ ಸೊನ್ನೆ, ಪಕ್ಕದ್ದರಲ್ಲಿ ಮೂರು, ಮಕ್ಕಳು ಜಗಳಾಡುತ್ತಾರೆ. ದಟ್ಟವಾದ ಹಸಿರು ನೀರನ್ನು ಎಣಿಸಿ, ಅದನ್ನು ತಿಳಿದ ಪ್ರಮಾಣದಲ್ಲಿ ತೆಳು ಮಾಡಿಕೊಂಡು ಆರಂಭಿಸಿ. ನಳ್ಳಿಯ ಕ್ಲೋರಿನ್ ನೀರು ಬೇಡ. ಬಾಟಲಿಗಳನ್ನು ದಿನವೂ ಸ್ಥಳ ಬದಲಿಸಿ ಇಡಿ, ಕಿಟಕಿಯ ಹತ್ತಿರದ ಬಾಟಲಿಗೆ ಸಿಗುವ ಬೆಳಕು ಮೂಲೆಯದಕ್ಕೆ ಸಿಗುವುದಿಲ್ಲ.

ಬಿರಡೆಯನ್ನು ಬಿಗಿಯಾಗಿ ಹಾಕಿದರೆ ಒಳಗಿನ ಇಂಗಾಲದ ಡೈಆಕ್ಸೈಡು ಮುಗಿದು ನೀರಿನ ಪಿಎಚ್ ಏರುತ್ತದೆ. ಪ್ರಯೋಗಾಲಯದಲ್ಲೂ ಅದು 1.5ಕ್ಕಿಂತ ಹೆಚ್ಚು ಏರಬಾರದೆಂಬ ನಿಯಮವಿದೆ. ಹತ್ತಿಯ ಮುಚ್ಚಳ ಸಾಕು.

ಮದಕದ ಬದಿ
ಮಾಷ್ಟ್ರೇ, ನೀರು ಬೇಕಿದ್ದರೆ ನಮ್ಮ ಮದಕದಿಂದಲೇ ಕೊಂಡುಹೋಗಿ, ಹಸಿರಿಗೆ ಬರವಿಲ್ಲ.

ಸೀತಾಂಗೋಳಿಯವ
ಒಂದು ಸಂದೇಹ. ಇಂತಹ ದ್ರಾವಣಕ್ಕೆ ನೀಲಿ ಬಣ್ಣ ಸೇರಿಸುವುದು ರೂಢಿ. ಬಣ್ಣ ಬೆಳಕನ್ನು ತಡೆದರೆ ಪಾಚಿ ನೆರಳಿಗೆ ಬೆಳೆಯದೆ ಹೋಗುತ್ತದೆ, ಅಪವಾದ ರಾಸಾಯನಿಕದ ಮೇಲೆ ಬರುತ್ತದೆ. ಈ ವರದಿಯೇ ಹಾಗೆ ಕೆಟ್ಟಿರಬಹುದಲ್ಲವೇ?

ಲೇಬಲ್ ಬರೆಯುವವ
ಬಟ್ಟೆಗೆ ಹಾಕುವ ಬಣ್ಣಗಳನ್ನು ಪರೀಕ್ಷಿಸುವಾಗ ಅದು ನಿಜವಾದ ತೊಂದರೆ. ಇಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಕೂಡ ಇಲ್ಲ. ಅಷ್ಟು ತೆಳುವಾದರೆ ನೀಲಿ ಕಣ್ಣಿಗೂ ಕಾಣುವುದಿಲ್ಲ, ಪಾಚಿಗೆ ನೆರಳೂ ಆಗುವುದಿಲ್ಲ.

ಬೇಳದ ರಸಾಯನ
ನಾವು ಕಳುಹಿಸಿದ್ದು ಬಣ್ಣ ಹಾಕಿದ ದ್ರಾವಣವನ್ನಲ್ಲ, ಡ್ರಮ್ಮಿನಲ್ಲಿ ಬರುವ ಕಚ್ಚಾವಸ್ತುವನ್ನು. ಅದು ನೀರಿನಲ್ಲಿ ಶೇಕಡಾ 50ರ ದ್ರಾವಣವಾಗಿ ಬರುತ್ತದೆ.

ಲೇಬಲ್ ಬರೆಯುವವ
ಒಂದು ನಿಮಿಷ. ವರದಿಯ ಮಿಲಿಗ್ರಾಂ ಯಾವುದರ ಮಿಲಿಗ್ರಾಂ? ಡ್ರಮ್ಮಿನಿಂದ ತೆಗೆದ ದ್ರಾವಣದ್ದೋ, ಅದರೊಳಗಿನ ಶುದ್ಧ ಬೆನ್ಜಾಲ್ಕೋನಿಯಂ ಕ್ಲೋರೈಡಿನದ್ದೋ? ಮಾದರಿಯ ವಿವರವಿರುವ ಪುಟವನ್ನು ತೆರೆದು ನೋಡಿ, ಫಲಿತಾಂಶದ ಪುಟದಲ್ಲಿ ಇದು ಸಿಗುವುದಿಲ್ಲ.

ಬೇಳದ ರಸಾಯನ
ನೋಡಿದೆ. ನಾಲ್ಕನೆಯ ಪುಟದ ಅಡಿಯಲ್ಲಿ, ಪ್ರಮಾಣಗಳೆಲ್ಲವೂ ಮಾದರಿ ಬಂದ ಸ್ಥಿತಿಯಲ್ಲಿನ ತೂಕಕ್ಕೆ ಸಂಬಂಧಿಸಿದವು ಎಂದು ಸಣ್ಣ ಅಕ್ಷರದಲ್ಲಿದೆ. ಅಂದರೆ ಅರ್ಧ ನೀರೇ. 0.1ಕ್ಕಿಂತ ತುಸು ಮೇಲಿದ್ದದ್ದು ಶುದ್ಧ ವಸ್ತುವಿನ ಲೆಕ್ಕದಲ್ಲಿ 0.05ರ ಹತ್ತಿರಕ್ಕೆ ಇಳಿಯುತ್ತದೆ. ಗುಣಕ 10.

ಗಾಜಿನ ಕುಪ್ಪಿ
ಗಾಜಿಗೆ ಅಂಟಿದ್ದನ್ನು ಇನ್ನೂ ಕಳೆದಿಲ್ಲ, ನೆನಪಿರಲಿ.

ಪೈವಳಿಕೆಯವ
ಕಾಗದ ಮಾತ್ರ ಎಂದಿದ್ದೆ. ಕಾಗದದ ನಾಲ್ಕನೆಯ ಪುಟವನ್ನೂ ಓದಬೇಕಿತ್ತು ಎಂದು ಸೇರಿಸಿಕೊಳ್ಳುತ್ತೇನೆ.

ಹಳೆಯ ವಿದ್ಯಾರ್ಥಿನಿ
ಮರುಪರೀಕ್ಷೆ ಮಾಡಿಸುವುದಾದರೆ ಇನ್ನೊಂದನ್ನು ಕೇಳಿಕೊಳ್ಳಿ. 72 ಗಂಟೆಯ ಕೊನೆಗೆ ಬೆಳೆಯದೆ ನಿಂತ ಪಾಚಿಯನ್ನು ಹೊಸ ನೀರಿಗೆ ಹಾಕಿ ನೋಡಲಿ. ಮತ್ತೆ ಬೆಳೆದರೆ ರಾಸಾಯನಿಕ ತಡೆಹಿಡಿದಿತ್ತಷ್ಟೇ, ಬೆಳೆಯದಿದ್ದರೆ ಕೊಂದಿದೆ. ವರ್ಗೀಕರಣಕ್ಕೆ ಇದು ಬೇಕಾಗಿಲ್ಲ, ಆದರೆ ನಿಮ್ಮ ತೊಳೆದ ನೀರು ಮಳೆಗಾಲದಲ್ಲಿ ತೋಡಿಗೆ ಸೇರಿ ಹರಿದುಹೋದ ಮೇಲೆ ಏನಾಗುತ್ತದೆ ಎಂಬುದರ ಸುಳಿವು ಅದರಲ್ಲಿ ಸಿಗುತ್ತದೆ.

ಬೇಳದ ರಸಾಯನ
ಮಾಲಿಕರೊಡನೆ ಮಾತಾಡಿ ಬಂದೆ. ಮೊದಲು ಪ್ರಯೋಗಾಲಯದವರ ಮೇಲೆ ರೇಗಿದರು, ಆಮೇಲೆ ಮಾದರಿಯ ಚೀಟಿಯಲ್ಲಿ ಶೇಕಡಾ 50 ಎಂದು ಬರೆಯದೆ ಕಳುಹಿಸಿದ್ದು ನಾವೇ ಎಂದು ತೋರಿಸಿದಾಗ ಸುಮ್ಮನಾದರು. ಆ ಚೀಟಿಯಲ್ಲಿರುವ ಅಕ್ಷರ ನನ್ನದು. ಗ್ರಾಹಕರಿಗೆ ಸತ್ತ ಮೀನಿನ ಚಿತ್ರವಿರುವ ಲೇಬಲನ್ನೇ ಕಳುಹಿಸುವುದೆಂದು ನಿರ್ಧಾರವಾಗಿದೆ. ಮರುಪರೀಕ್ಷೆಗೆ, ಮೊದಲ ದಿನವೂ ಮೂರನೆಯ ದಿನವೂ ನೀರಿನಲ್ಲಿ ಅಳೆದುಕೊಡಬೇಕೆಂಬ ಷರತ್ತಿನೊಡನೆ, ದರಪಟ್ಟಿ ಕೇಳಿದ್ದೇವೆ. ಪಾಚಿ ಸತ್ತರೆ ದೂರು ಏನು ಎಂಬ ಪ್ರಶ್ನೆಗೆ ಮೀನು ಬಾಯಿ ಬಡಿಯುವ ವಿಷಯ ಹೇಳಿದೆ. ಅವರ ಮನೆಯ ಕೆರೆಯಲ್ಲಿ ಕಾಟ್ಲಾ ಮೀನು ಸಾಕಿದ್ದಾರೆಂದು ನನಗೆ ಗೊತ್ತಿರಲಿಲ್ಲ. ತೊಳೆದ ನೀರಿನ ಕೊಳವೆ ಈಗ ಯಾವ ಕಡೆಗೆ ಹೋಗುತ್ತದೆ ಎಂದು ತಕ್ಷಣ ಕೇಳಿದರು.

ಮದಕದ ಬದಿ
ಯಾವ ಕಡೆಗೆ ಹೋಗುತ್ತದೆ?

ಬೇಳದ ರಸಾಯನ
ನಾಳೆ ಬೆಳಿಗ್ಗೆ ಅವರೊಡನೆ ನಡೆದುಕೊಂಡು ಹೋಗಿ ನೋಡುವವರಿದ್ದೇವೆ, ಅಣ್ಣ.